ಬಾಗಿಲಾಚೆ ನಿಂತು ಬರೆದ ಮೇರಿ ಗಾರ್ಬರ್

ಪಂದ್ಯದ ವರದಿಗೆ ಹೋಗುವ ಪತ್ರಕರ್ತರಿಗೆ ಸಂಘಟಕರು ಒಂದು ಪಾಸ್ ಕೊಡುವುದು ವಾಡಿಕೆ. ಅದು ಇದ್ದವರಿಗೆ ಮಾತ್ರ ಪ್ರೆಸ್ ಬಾಕ್ಸಿಗೆ, ಅಂದರೆ ಪತ್ರಕರ್ತರಿಗೆಂದೇ ಮೀಸಲಾದ ಜಾಗಕ್ಕೆ ಪ್ರವೇಶ. 1940ರ ದಶಕದಲ್ಲಿ ಅಮೆರಿಕದ ಕಾಲೇಜು ಕ್ರೀಡಾಂಗಣಗಳಲ್ಲಿ ಕೊಡುತ್ತಿದ್ದ ಇಂಥ ಪಾಸ್‌ಗಳ ಮೇಲೆ ಒಂದು ಸೂಚನೆ ಅಚ್ಚಾಗಿರುತ್ತಿತ್ತು. ಹೆಂಗಸರಿಗೂ ಮಕ್ಕಳಿಗೂ ಪ್ರೆಸ್ ಬಾಕ್ಸಿನಲ್ಲಿ ಪ್ರವೇಶವಿಲ್ಲ ಎಂಬುದೇ ಆ ಸೂಚನೆ. ವರದಿಗಾರರು ತಮ್ಮ ಮನೆಮಂದಿಯನ್ನು ಕರೆತಂದು ಕೂರಿಸಿಕೊಂಡು ಗದ್ದಲವೆಬ್ಬಿಸದಿರಲಿ ಎಂದು ಮಾಡಿದ ನಿಯಮ ಅದಿರಬಹುದು. ಆದರೆ ಹೆಂಗಸೊಬ್ಬಳೇ ವರದಿಗಾರಳಾಗಿ ಬಂದಾಳು ಎಂಬ ಕಲ್ಪನೆ ಆ ನಿಯಮ ಬರೆದವರಿಗೆ ಇದ್ದಂತಿಲ್ಲ.

ಹಾಗೆ ಬಂದವರು ಮೇರಿ ಗಾರ್ಬರ್. ನಾರ್ತ್ ಕ್ಯಾರೊಲಿನಾ ರಾಜ್ಯದ ವಿನ್‌ಸ್ಟನ್-ಸೇಲಂ ಎಂಬ ಊರಿನ ಪತ್ರಿಕೆಯಲ್ಲಿ 1944ರಲ್ಲಿ ಕ್ರೀಡಾ ವಿಭಾಗ ಸೇರಿದ ಈಕೆ, ನಡುವೆ ಒಂದು ವರ್ಷ ಬಿಟ್ಟರೆ, 2002ರವರೆಗೂ ಪಂದ್ಯಗಳ ಬಗ್ಗೆ ಬರೆಯುತ್ತಲೇ ಇದ್ದರು. ಆಗ ಅವರಿಗೆ 86 ವರ್ಷ. ಐದಡಿ ಎತ್ತರದ, ಸಣ್ಣ ಮೈಕಟ್ಟಿನ ಈ ಮಹಿಳೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಸಿದ ವೃತ್ತಿಯನ್ನು ಅಮೆರಿಕದ ಕ್ರೀಡಾ ಪತ್ರಿಕೋದ್ಯಮ ಇಂದು ಗೌರವದಿಂದ ನೆನೆಯುತ್ತದೆ.

ಕ್ರೀಡೆಯ ಬಗ್ಗೆ ಬರೆದ ಮೊದಲ ಅಮೆರಿಕನ್ ಮಹಿಳೆ ಮೇರಿ ಅಲ್ಲ. ಅವರಿಗಿಂತ ಐವತ್ತು ವರ್ಷ ಮೊದಲೇ, 1890ರ ದಶಕದಲ್ಲಿ, ಬಾಲ್ಟಿಮೋರ್ ನಗರದ ಸೇಡಿ ನೆಲ್ಲರ್ ಮಿಲ್ಲರ್ ಎಂಬಾಕೆ ಬೇಸ್‌ಬಾಲ್ ಪಂದ್ಯಗಳ ವರದಿ ಮಾಡಿದ್ದರು. ಆಕೆ ತಮ್ಮ ವರದಿಗಳಿಗೆ ಹೆಸರಿನ ಮೊದಲಕ್ಷರಗಳನ್ನಷ್ಟೇ ಹಾಕುತ್ತಿದ್ದರು. ಅದನ್ನು ನೋಡಿ ಬರೆದವರು ಗಂಡೋ ಹೆಣ್ಣೋ ಎಂದು ಓದುಗರಿಗೆ ತಿಳಿಯುವಂತಿರಲಿಲ್ಲ. ಮೇರಿಯವರ ವಿಶೇಷ ಬೇರೆಯೇ ಇದೆ. ಅವರು ತಮ್ಮ ಪೂರ್ತಿ ಹೆಸರಿನಲ್ಲಿ, ದಿನಪತ್ರಿಕೆಯ ಪೂರ್ಣಾವಧಿ ನೌಕರಿಯಲ್ಲಿ, ಜೀವನವಿಡೀ ಇದೇ ಕೆಲಸ ಮಾಡಿದರು. ಅದಕ್ಕಿಂತ ಮುಖ್ಯವಾಗಿ, ತಮ್ಮನ್ನು ಹೊರಗಿಟ್ಟವರ ಬಗ್ಗೆ ದೂರುತ್ತ ಕೂರುವ ಬದಲು, ತಮ್ಮಂತೆಯೇ ಹೊರಗಿಡಲ್ಪಟ್ಟವರನ್ನು ಹುಡುಕಿಕೊಂಡು ಹೋಗಿ ಅವರ ಆಟವನ್ನು ಪತ್ರಿಕೆಯ ಪುಟಕ್ಕೆ ತಂದರು.

ಯುದ್ಧ ಕೊಟ್ಟ ಅವಕಾಶ

ಮೇರಿ ಹುಟ್ಟಿದ್ದು 1916ರ ಏಪ್ರಿಲ್ 16ರಂದು, ನ್ಯೂಯಾರ್ಕಿನಲ್ಲಿ. ಎಂಟು ವರ್ಷದವರಿದ್ದಾಗ ಕುಟುಂಬ ವಿನ್‌ಸ್ಟನ್-ಸೇಲಂಗೆ ಬಂದು ನೆಲೆಸಿತು. ಅದು ಹೊಗೆಸೊಪ್ಪಿನ ವ್ಯಾಪಾರದಿಂದ ಬೆಳೆದ ಊರು. ವಿನ್‌ಸ್ಟನ್ ಮತ್ತು ಸೇಲಂ ಎಂಬ ಹೆಸರಾಂತ ಸಿಗರೇಟುಗಳಿಗೆ ಹೆಸರು ಬಂದದ್ದು ಇದೇ ಊರಿನಿಂದ. ಇಲ್ಲಿ ಕೇರಿಯ ಹುಡುಗರು ಕಟ್ಟಿಕೊಂಡಿದ್ದ ಬ್ಯೂನಾ ವಿಸ್ಟಾ ಡೆವಿಲ್ಸ್ ಎಂಬ ಫುಟ್‌ಬಾಲ್ ತಂಡದಲ್ಲಿ ಮೇರಿ ಕ್ವಾರ್ಟರ್‌ಬ್ಯಾಕ್ ಆಗಿದ್ದರು. ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಗೋಡೆ ಭೇದಿಸಿ ಮುನ್ನುಗ್ಗುವ ಒರಟು ಆಟ ಅದು. ಅದರಲ್ಲಿ ಚೆಂಡು ಯಾರ ಕೈಗೆ ಹೋಗಬೇಕೆಂದು ನಿರ್ಧರಿಸುವ ಆಟಗಾರನೇ ಕ್ವಾರ್ಟರ್‌ಬ್ಯಾಕ್. ಹೀಗೆ ಆಟದ ಒಳಗುಟ್ಟು ಮೇರಿಗೆ ಪುಸ್ತಕದಿಂದಲ್ಲ, ಮೈದಾನದಿಂದಲೇ ಗೊತ್ತಿತ್ತು.

1938ರಲ್ಲಿ ಹಾಲಿನ್ಸ್ ಕಾಲೇಜಿನಿಂದ ತತ್ತ್ವಶಾಸ್ತ್ರದಲ್ಲಿ ಪದವಿ ಪಡೆದ ಮೇರಿ 1940ರಲ್ಲಿ ಊರಿನ ಟ್ವಿನ್ ಸಿಟಿ ಸೆಂಟಿನೆಲ್ ಪತ್ರಿಕೆಗೆ ಸೇರಿದರು. ಅಲ್ಲಿ ದೊರೆತದ್ದು ಸಮಾಜ ಪುಟದ ಸಂಪಾದಕಿಯ ಕೆಲಸ. ಸಮಾಜ ಪುಟವೆಂದರೆ ಊರಿನ ದೊಡ್ಡ ಮನೆತನಗಳ ಮದುವೆ, ನಿಶ್ಚಿತಾರ್ಥ, ಚಹಾಕೂಟಗಳ ಸುದ್ದಿ. ಮದುಮಗಳು ಯಾವ ಬಟ್ಟೆ ತೊಟ್ಟಿದ್ದಳು, ಅತಿಥಿಗಳಾಗಿ ಯಾರ್‍ಯಾರು ಬಂದಿದ್ದರು ಎಂಬುದನ್ನೆಲ್ಲ ವಿವರವಾಗಿ ಬರೆಯಬೇಕು. ಪತ್ರಿಕಾ ಕಚೇರಿಗಳಲ್ಲಿ ಮಹಿಳೆಯರಿಗೆಂದು ತೆರೆದಿದ್ದ ಬಾಗಿಲು ಬಹುಮಟ್ಟಿಗೆ ಅದೊಂದೇ. ಮೇರಿಗೆ ಆ ಕೆಲಸದಲ್ಲಿ ಕಿಂಚಿತ್ತೂ ಆಸಕ್ತಿಯಿರಲಿಲ್ಲ.

ಅಷ್ಟರಲ್ಲಿ ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿಯಿತು. ಕಾರ್ಖಾನೆಗಳಂತೆ ಪತ್ರಿಕಾ ಕಚೇರಿಗಳಿಂದಲೂ ಗಂಡಸರು ಸೇನೆಗೆ ಹೊರಟರು. ಸೆಂಟಿನೆಲ್‌ನ ಕ್ರೀಡಾ ವಿಭಾಗ ಬರಿದಾಯಿತು. 1944ರಲ್ಲಿ ಆ ಪುಟದ ಹೊಣೆ ಮೇರಿಯ ಕೈಗೆ ಬಂತು. ಇದು ಮಹಿಳೆಗೆ ಕೊಟ್ಟ ಮನ್ನಣೆಯೇನೂ ಅಲ್ಲ, ಬೇರೆ ಗತಿಯಿಲ್ಲದ್ದರಿಂದ ಮಾಡಿಕೊಂಡ ವ್ಯವಸ್ಥೆ. ಯುದ್ಧ ಮುಗಿದು ಗಂಡಸರು ಮರಳಿದಾಗ ಮೇರಿಯನ್ನು ಸಾಮಾನ್ಯ ಸುದ್ದಿಯ ವಿಭಾಗಕ್ಕೆ ಕಳಿಸಲಾಯಿತು.

ಅಮೆರಿಕದ ಲಕ್ಷಾಂತರ ದುಡಿಯುವ ಮಹಿಳೆಯರ ಕತೆ ಆ ದಿನಗಳಲ್ಲಿ ಇಲ್ಲಿಗೆ ಮುಗಿಯಿತು. ಮೇರಿಯ ಕತೆ ಮುಗಿಯಲಿಲ್ಲ. 1946ರಲ್ಲಿ ಅವರು ಮತ್ತೆ ಕ್ರೀಡಾ ವಿಭಾಗಕ್ಕೆ ಬಂದರು. ಮುಂದೆ ಎಂದೂ ಅದನ್ನು ಬಿಟ್ಟು ಹೋಗಲಿಲ್ಲ.

ಕೋಚ್‌ಗಳ ಹೆಂಡಂದಿರ ಸಾಲಿನಲ್ಲಿ

ತಮ್ಮ ಕಚೇರಿಯಲ್ಲಿ ಸ್ಥಾನ ಸಿಕ್ಕಿದ ಮಾತ್ರಕ್ಕೆ ಮೈದಾನದಲ್ಲಿ ಸಿಗಬೇಕಲ್ಲ? ಡ್ಯೂಕ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯಕ್ಕೆ ಹೋದಾಗ ಮೇರಿಗೆ ಪ್ರೆಸ್ ಬಾಕ್ಸಿನೊಳಗೆ ಬಿಡಲಿಲ್ಲ. ಅವರನ್ನು ಕೋಚ್‌ಗಳ ಹೆಂಡತಿಯರಿಗೆಂದು ಮೀಸಲಿಟ್ಟ ಜಾಗದಲ್ಲಿ ಕೂರಿಸಿದರು.

ಎಲ್ಲಿ ಕುಳಿತರೇನು, ಆಟ ಕಂಡರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಸಾಲದು. ಪ್ರೆಸ್ ಬಾಕ್ಸಿನಲ್ಲಿ ಬರೆಯಲು ಮೇಜಿರುತ್ತದೆ. ಯಾರು ಎಷ್ಟು ಗಜ ಓಡಿದರು, ಯಾರಿಗೆ ಗಾಯವಾಯಿತು ಎಂಬ ಅಂಕಿಅಂಶ ಅಲ್ಲಿಗೇ ಬರುತ್ತದೆ. ಕಚೇರಿಗೆ ವರದಿ ಮುಟ್ಟಿಸುವ ಅನುಕೂಲ ಇರುತ್ತದೆ. ಮಾತು ಬೆರೆಸುತ್ತ, ಮಕ್ಕಳನ್ನು ಸಂಭಾಳಿಸುತ್ತ ಕುಳಿತ ಪ್ರೇಕ್ಷಕರ ನಡುವೆ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುವವರಿಗೆ ಇದೊಂದೂ ಇಲ್ಲ. ವರದಿ ಸೊರಗಿದರೆ ಮಾತ್ರ ಹೊಣೆ ವರದಿಗಾರ್ತಿಯದೇ.

ಈ ವಿಷಯದಲ್ಲಿ ಮೇರಿಯ ಬೆನ್ನಿಗೆ ನಿಂತದ್ದು ಅವರ ಪತ್ರಿಕೆ. ಮೇರಿ ಗಾರ್ಬರ್ ನಮ್ಮ ಅಧಿಕೃತ ಪ್ರತಿನಿಧಿ, ಗಂಡು ವರದಿಗಾರರಿಗೆ ಸಲ್ಲುವ ಎಲ್ಲ ಸೌಲಭ್ಯ ಆಕೆಗೂ ಸಲ್ಲಬೇಕು ಎಂದು ಸಂಪಾದಕರು ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದರು. ಊರ ಪತ್ರಿಕೆಯನ್ನು ಎದುರು ಹಾಕಿಕೊಳ್ಳುವುದು ಕಾಲೇಜುಗಳಿಗೂ ಬೇಕಿರಲಿಲ್ಲ. ಪ್ರೆಸ್ ಬಾಕ್ಸಿನ ಬಾಗಿಲು ತೆರೆಯಿತು.

ಆದರೆ ಕ್ರೀಡಾ ಬರಹಗಾರರ ಸಂಘಗಳು ಅಷ್ಟು ಬೇಗ ಬಗ್ಗಲಿಲ್ಲ. ಫುಟ್‌ಬಾಲ್ ಬರಹಗಾರರ ಸಂಘವೂ, ಆ ಭಾಗದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನ ಕ್ರೀಡಾ ಬರಹಗಾರರ ಸಂಘವೂ ಮೇರಿಗೆ ಸದಸ್ಯತ್ವ ನಿರಾಕರಿಸಿದವು. ಕಾನ್ಫರೆನ್ಸ್ ಎಂದರೆ ಒಂದು ಪ್ರದೇಶದ ವಿಶ್ವವಿದ್ಯಾಲಯಗಳು ತಮ್ಮತಮ್ಮಲ್ಲೇ ಪಂದ್ಯಾವಳಿ ನಡೆಸಲು ಮಾಡಿಕೊಂಡ ಒಕ್ಕೂಟ. ಕಾಲೇಜು ಕ್ರೀಡೆಗೆ ಅಮೆರಿಕದಲ್ಲಿ ನಮ್ಮ ರಣಜಿ ಪಂದ್ಯಗಳಿಗಿಂತಲೂ ಹೆಚ್ಚಿನ ಜನಪ್ರಿಯತೆ ಇರುವುದರಿಂದ ಈ ಸಂಘಗಳಿಗೂ ವೃತ್ತಿಯಲ್ಲಿ ತೂಕವಿತ್ತು. ಕಾಲ ಉರುಳಿದ ಮೇಲೆ ಇದೇ ಕಾನ್ಫರೆನ್ಸಿನ ಬರಹಗಾರರು ಮೇರಿಯನ್ನು ತಮ್ಮ ಸಂಘದ ಅಧ್ಯಕ್ಷೆಯನ್ನಾಗಿ ಆರಿಸಿಕೊಂಡರು.

ಕದ ತೆರೆಯದ ಕೋಣೆ

ಪ್ರೆಸ್ ಬಾಕ್ಸಿಗಿಂತ ಕಠಿಣವಾದ ಬಾಗಿಲು ಇನ್ನೊಂದಿತ್ತು. ಅದು ಆಟಗಾರರ ಡ್ರೆಸ್ಸಿಂಗ್ ರೂಮಿನದು. ಪಂದ್ಯ ಮುಗಿದೊಡನೆ ವರದಿಗಾರರು ಅಲ್ಲಿಗೆ ನುಗ್ಗಿ, ಗೆದ್ದವರನ್ನೂ ಸೋತವರನ್ನೂ ಮಾತಾಡಿಸುವುದು ಅಮೆರಿಕದಲ್ಲಿ ರೂಢಿ. ಹೆಂಗಸಿಗೆ ಅಲ್ಲಿಗೇನು ಕೆಲಸ ಎಂಬ ಪ್ರಶ್ನೆ ಸಹಜವಾಗಿ ಕೇಳಿಬರುತ್ತಿತ್ತು. ಇದಕ್ಕೆ ಉತ್ತರ ಪತ್ರಿಕೆಯ ಕೆಲಸದ ರೀತಿಯಲ್ಲೇ ಇದೆ.

ಸೆಂಟಿನೆಲ್ ಮಧ್ಯಾಹ್ನದ ಪತ್ರಿಕೆ. ಹಿಂದಿನ ರಾತ್ರಿ ನಡೆದ ಪಂದ್ಯದ ಫಲಿತಾಂಶ ಅದೇ ಊರಿನ ಬೆಳಗಿನ ಪತ್ರಿಕೆಯಲ್ಲಿ ಆಗಲೇ ಬಂದಿರುತ್ತದೆ. ಮಧ್ಯಾಹ್ನದ ಓದುಗನಿಗೆ ಬೇಕಾದದ್ದು ಯಾರು ಗೆದ್ದರು ಎಂಬುದಲ್ಲ, ಹೇಗೆ ಗೆದ್ದರು, ಏಕೆ ಸೋತರು ಎಂಬುದು. ಅದನ್ನು ಹೇಳಬೇಕಾದವರು ಆಟಗಾರರು ಮತ್ತು ಕೋಚ್. ಪಂದ್ಯದ ಬಿಸಿ ಆರುವ ಮೊದಲೇ ಅವರ ಮಾತು ಸಿಕ್ಕಬೇಕು. ಗಂಡು ವರದಿಗಾರರೆಲ್ಲ ಒಳಗೆ ಹೋಗಿ ಮಾತಾಡಿಸುತ್ತಿದ್ದಾಗ ಮೇರಿ ಹೊರಗೆ ಬಾಗಿಲ ಬಳಿ ಕಾಯುತ್ತಿದ್ದರು. ಯಾರಾದರೂ ದಯವಿಟ್ಟು ಆಟಗಾರನನ್ನು ಹೊರಗೆ ಕರೆತರಬೇಕು. ಇಲ್ಲವೇ ಆತ ಸ್ನಾನ ಮುಗಿಸಿ, ಬಟ್ಟೆ ತೊಟ್ಟು ಬರುವ ತನಕ ಕಾಯಬೇಕು. ಅಷ್ಟು ಹೊತ್ತಿಗೆ ಅವನು ಹೇಳಬೇಕಾದದ್ದನ್ನೆಲ್ಲ ಒಳಗೆ ಹೇಳಿ ಮುಗಿಸಿರುತ್ತಿದ್ದ.

ಮೇರಿ ಇದಕ್ಕಾಗಿ ಜಗಳವಾಡಲಿಲ್ಲ, ನ್ಯಾಯಾಲಯಕ್ಕೂ ಹೋಗಲಿಲ್ಲ. ತಮಗೆ ಧೈರ್ಯಗುಂದಿದಾಗಲೆಲ್ಲ ಜ್ಯಾಕಿ ರಾಬಿನ್‌ಸನ್ ಮಾದರಿಯಾಗಿದ್ದ ಎಂದು ಅವರು ಮುಂದೆ ಹೇಳಿಕೊಂಡರು. ರಾಬಿನ್‌ಸನ್ 1947ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ಸೇರಿ, ಅಲ್ಲಿಯವರೆಗೆ ಬಿಳಿಯರಿಗೇ ಮೀಸಲಾಗಿದ್ದ ಬೇಸ್‌ಬಾಲ್‌ನ ಉನ್ನತ ಲೀಗಿನ ಬಾಗಿಲು ತೆರೆದ ಕಪ್ಪು ಆಟಗಾರ. ಪ್ರೇಕ್ಷಕರ ಬೈಗುಳಕ್ಕೂ ಎದುರಾಳಿಗಳ ಕೆಣಕಿಗೂ ಬಾಯಲ್ಲಿ ಉತ್ತರ ಕೊಡದೆ ಆಟದಲ್ಲೇ ಕೊಟ್ಟವನು. ಬಿಳಿಯ ವರದಿಗಾರ್ತಿಯೊಬ್ಬರು ಕಪ್ಪು ಆಟಗಾರನನ್ನು ಮಾದರಿಯಾಗಿ ಇಟ್ಟುಕೊಂಡದ್ದು ಆ ಕಾಲದ ದಕ್ಷಿಣ ಅಮೆರಿಕನ್ ರಾಜ್ಯಗಳಲ್ಲಿ ಸಣ್ಣ ಮಾತಲ್ಲ. ಏಕೆಂದು ತಿಳಿಯಲು ಅಂದಿನ ವಿನ್‌ಸ್ಟನ್-ಸೇಲಂ ಹೇಗಿತ್ತೆಂದು ನೋಡಬೇಕು.

ಒಂದೇ ಊರು, ಎರಡು ಮೈದಾನ

ಮೇರಿ ಕೆಲಸ ಆರಂಭಿಸಿದಾಗ ನಾರ್ತ್ ಕ್ಯಾರೊಲಿನಾದಲ್ಲಿ ವರ್ಣ ಪ್ರತ್ಯೇಕತೆ ಕಾನೂನಾಗಿತ್ತು. ಬಿಳಿಯರ ಶಾಲೆ ಬೇರೆ, ಕಪ್ಪು ಮಕ್ಕಳ ಶಾಲೆ ಬೇರೆ. ಬಸ್ಸಿನ ಆಸನದಿಂದ ಕುಡಿಯುವ ನೀರಿನ ನಲ್ಲಿಯವರೆಗೆ ಎಲ್ಲವೂ ಪ್ರತ್ಯೇಕ. ಶಾಲೆಗಳಲ್ಲಿ ಈ ಪದ್ಧತಿ ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 1954ರಲ್ಲಿ. ತೀರ್ಪು ಆಚರಣೆಗೆ ಬರಲು ಮತ್ತಷ್ಟು ವರ್ಷ ಹಿಡಿಯಿತು. 1960ರ ಫೆಬ್ರವರಿಯಲ್ಲಿ ಸಮೀಪದ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಅಂಗಡಿಯೊಂದರ ಊಟದ ಕಟ್ಟೆಯ ಮುಂದೆ ಕುಳಿತು, ತಮಗೂ ಬಡಿಸಬೇಕೆಂದು ಪಟ್ಟುಹಿಡಿದದ್ದು ದೇಶವ್ಯಾಪಿ ಚಳವಳಿಯಾಯಿತೆಂದರೆ ಆಗಿನ ಸ್ಥಿತಿ ಊಹಿಸಬಹುದು.

ಕ್ರೀಡೆಯೂ ಹೀಗೆಯೇ ಇಬ್ಭಾಗವಾಗಿತ್ತು. ಕಪ್ಪು ಶಾಲೆಗಳು ಕಪ್ಪು ಶಾಲೆಗಳೊಡನೆ ಮಾತ್ರ ಆಡುತ್ತಿದ್ದವು. ಬಿಳಿಯರ ಒಡೆತನದ ದಿನಪತ್ರಿಕೆಗಳಿಗೆ ಆ ಪಂದ್ಯಗಳು ಸುದ್ದಿಯೇ ಅಲ್ಲ. ದಕ್ಷಿಣದ ಹಲವು ಪತ್ರಿಕೆಗಳಲ್ಲಿ ಕಪ್ಪು ಜನರ ಸುದ್ದಿಗೆಂದು ಬೇರೆಯೇ ಜಾಗವಿರುತ್ತಿತ್ತು. ಬಿಳಿಯರು ಅದನ್ನು ಓದುತ್ತಿರಲಿಲ್ಲ. ಕಪ್ಪು ಕೇರಿಯ ಹುಡುಗನೊಬ್ಬ ಎಷ್ಟೇ ಚೆನ್ನಾಗಿ ಆಡಲಿ, ಅವನ ಊರಿನ ಪತ್ರಿಕೆಗೆ ಅವನು ಇರಲೇ ಇಲ್ಲ.

ಮೇರಿ ಆ ಪಂದ್ಯಗಳಿಗೆ ಹೋಗತೊಡಗಿದರು. ಅಟ್ಕಿನ್ಸ್ ಹೈಸ್ಕೂಲಿನ ಪಂದ್ಯಗಳನ್ನು ನೋಡಿ ಬರೆದರು. ವಿನ್‌ಸ್ಟನ್-ಸೇಲಂ ಟೀಚರ್ಸ್ ಕಾಲೇಜಿನ ಪಂದ್ಯಗಳಿಗೂ ಹೋದರು. ಇಂದು ವಿನ್‌ಸ್ಟನ್-ಸೇಲಂ ಸ್ಟೇಟ್ ವಿಶ್ವವಿದ್ಯಾಲಯ ಎಂದು ಹೆಸರಾಗಿರುವುದು ಇದೇ ಕಾಲೇಜು. ಇದಕ್ಕೆ ಅವರು ಕೊಟ್ಟ ಕಾರಣ ಸರಳವಾಗಿತ್ತು. ತಮ್ಮ ಮಕ್ಕಳು ಏನು ಸಾಧಿಸಿದರೆಂದು ತಿಳಿಯುವ ಆಸೆ ಬಿಳಿಯ ತಂದೆತಾಯಿಗಳಿಗೆ ಎಷ್ಟಿದೆಯೋ ಕಪ್ಪು ತಂದೆತಾಯಿಗಳಿಗೂ ಅಷ್ಟೇ ಇದೆ ಎಂಬುದೇ ಅವರ ವಾದ. ಇದರಲ್ಲಿ ಕ್ರಾಂತಿಯ ಘೋಷಣೆಯಿಲ್ಲ. ಸ್ಥಳೀಯ ಪತ್ರಿಕೆಯೊಂದು ಊರಿನವರೆಲ್ಲರ ಪತ್ರಿಕೆಯಾಗಿರಬೇಕು ಎಂಬ ವೃತ್ತಿಯ ಮೂಲಪಾಠ ಮಾತ್ರ ಇದೆ. ಆ ಪಾಠವನ್ನು ಅಂದು ಬಹುತೇಕ ಪತ್ರಿಕೆಗಳು ಮರೆತಿದ್ದವು.

ಟೀಚರ್ಸ್ ಕಾಲೇಜಿನಲ್ಲಿ 1946ರಿಂದ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದವರು ಕ್ಲಾರೆನ್ಸ್ ಗೈನ್ಸ್. ಆಳೆತ್ತರವನ್ನು ಮೀರಿದ ಅವರ ಭಾರೀ ದೇಹ ನೋಡಿ ಜನ 'ಬಿಗ್ ಹೌಸ್', ಅಂದರೆ ದೊಡ್ಡ ಮನೆ ಎಂದೇ ಕರೆಯುತ್ತಿದ್ದರು. ಅವರ ಪಕ್ಕದಲ್ಲಿ ಐದಡಿಯ ಮೇರಿ ನೋಟ್‌ಬುಕ್ ಹಿಡಿದು ನಿಲ್ಲುತ್ತಿದ್ದರು. ಇಬ್ಬರದೂ ಬಹುಕಾಲದ ಸ್ನೇಹ. 1993ರಲ್ಲಿ ನಿವೃತ್ತರಾಗುವಾಗ ಗೈನ್ಸ್ 828 ಪಂದ್ಯಗಳನ್ನು ಗೆದ್ದಿದ್ದರು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಷ್ಟು ಗೆಲುವು ಕಂಡವರು ಕೈಬೆರಳೆಣಿಕೆಯಷ್ಟು ಜನ. ಕಪ್ಪು ಆಟಗಾರರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳದ ಕಾಲದಲ್ಲಿ, ಎಲ್ಲರಿಗೂ ನ್ಯಾಯ ಸಿಗಲೆಂದು ಮೇರಿ ತಾವಾಗಿ ಮುಂದೆ ಬಂದರು ಎಂದು ಗೈನ್ಸ್ ಸ್ಮರಿಸಿದ್ದಾರೆ.

1967ರಲ್ಲಿ ಗೈನ್ಸ್ ಅವರ ತಂಡ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯ ಕಾಲೇಜು ವಿಭಾಗದ ಪ್ರಶಸ್ತಿ ಗೆದ್ದಿತು. ಕಪ್ಪು ಜನರಿಗಾಗಿ ಸ್ಥಾಪಿತವಾದ ಕಾಲೇಜೊಂದು ಆ ಸಂಸ್ಥೆಯ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದದ್ದು ಅದೇ ಮೊದಲು. ಆ ತಂಡದ ಅರ್ಲ್ ಮನ್ರೋ ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 41.5 ಅಂಕ ಗಳಿಸಿ ದೇಶದ ಗಮನ ಸೆಳೆದರು. ಅಂದು ಇದ್ದಕ್ಕಿದ್ದಂತೆ ಎಲ್ಲರಿಗೂ ಕಾಣಿಸಿದ ಆ ಕಾಲೇಜಿನ ಆಟವನ್ನು ಮೇರಿ ಅದಕ್ಕೂ ಎಷ್ಟೋ ವರ್ಷಗಳ ಮೊದಲಿನಿಂದ ವರದಿ ಮಾಡುತ್ತಿದ್ದರು.

ಉಪಕಾರ ಬೇರೆ, ಹಕ್ಕು ಬೇರೆ

ಮೇರಿಯ ತಾಳ್ಮೆಯನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಆ ತಾಳ್ಮೆಗೂ ಒಂದು ಮಿತಿಯಿತ್ತು ಎಂಬುದನ್ನು ಮರೆಯುವಂತಿಲ್ಲ. ಒಳ್ಳೆಯ ಕೋಚ್ ಸಿಕ್ಕಿದರೆ ಆಟಗಾರನನ್ನು ಹೊರಗೆ ಕಳಿಸುತ್ತಿದ್ದ. ಸಿಗದಿದ್ದರೆ ಇಲ್ಲ. ಅಂದರೆ ಅವರ ಕೆಲಸ ನಡೆಯುತ್ತಿದ್ದದ್ದು ಇನ್ನೊಬ್ಬರ ಉಪಕಾರದಿಂದ. ಅದು ಹಕ್ಕಾಗಲು ಮುಂದಿನ ಪೀಳಿಗೆಯವರು ಹೋರಾಡಬೇಕಾಯಿತು.

1975ರ ಜನವರಿಯಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಐಸ್ ಹಾಕಿ ಪಂದ್ಯದ ನಂತರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ರಾಬಿನ್ ಹರ್ಮನ್ ಮತ್ತು ಅಲ್ಲಿನ ರೇಡಿಯೋ ವರದಿಗಾರ್ತಿ ಮಾರ್ಸೆಲ್ ಸೇಂಟ್ ಸಿರ್ ಡ್ರೆಸ್ಸಿಂಗ್ ರೂಮಿಗೆ ಹೋದರು. ವರದಿಗಾರರೆಲ್ಲ ಪಂದ್ಯ ಬಿಟ್ಟು ಇವರ ಸುತ್ತ ನೆರೆದರು. 1977ರಲ್ಲಿ ಬೇಸ್‌ಬಾಲ್‌ನ ವರ್ಲ್ಡ್ ಸೀರೀಸ್ ಪಂದ್ಯಗಳ ವೇಳೆ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯ ಮೆಲಿಸಾ ಲಡ್‌ಕಿಗೆ ಒಳಗೆ ಹೋಗದಂತೆ ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್ ಅವರ ಕಚೇರಿ ತಡೆಯೊಡ್ಡಿತು. ಆಕೆ ಮತ್ತು ಪತ್ರಿಕೆಯ ಒಡೆತನದ ಟೈಮ್ ಸಂಸ್ಥೆ ನ್ಯಾಯಾಲಯದ ಮೆಟ್ಟಿಲೇರಿದವು. ಯಾಂಕೀ ಸ್ಟೇಡಿಯಂ ನ್ಯೂಯಾರ್ಕ್ ನಗರಾಡಳಿತಕ್ಕೆ ಸೇರಿದ್ದು, ಅಲ್ಲಿ ಹೆಣ್ಣು ಎಂಬ ಒಂದೇ ಕಾರಣಕ್ಕೆ ವರದಿಗಾರ್ತಿಯನ್ನು ಹೊರಗಿಡುವುದು ಸಮಾನತೆಯ ಸಂವಿಧಾನದತ್ತ ಹಕ್ಕಿಗೆ ವಿರುದ್ಧ ಎಂದು 1978ರ ಸೆಪ್ಟೆಂಬರ್ 25ರಂದು ತೀರ್ಪು ಬಂತು. ಆಟಗಾರರ ಮಾನ ಕಾಪಾಡಲು ಟವೆಲೋ ಪರದೆಯೋ ಸಾಕಲ್ಲವೇ ಎಂಬುದು ವಾದದ ಸಾರ.

ತೀರ್ಪು ಕೊಟ್ಟ ನ್ಯಾಯಾಧೀಶೆ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ, ಅಮೆರಿಕದ ಫೆಡರಲ್ ನ್ಯಾಯಪೀಠಕ್ಕೆ ನೇಮಕಗೊಂಡ ಮೊದಲ ಕಪ್ಪು ಮಹಿಳೆ. 1954ರಲ್ಲಿ ಶಾಲೆಗಳ ವರ್ಣ ಪ್ರತ್ಯೇಕತೆಯನ್ನು ಕೊನೆಗಾಣಿಸಿದ ಮೊಕದ್ದಮೆಯ ವಕೀಲರ ತಂಡದಲ್ಲಿ ಇದ್ದವರು. ಅಂದು ಕಪ್ಪು ಮಕ್ಕಳಿಗೆ ಶಾಲೆಯ ಬಾಗಿಲು ತೆರೆಸಿದ ಸಂವಿಧಾನದ 14ನೇ ತಿದ್ದುಪಡಿಯೇ ವರದಿಗಾರ್ತಿಯರಿಗೂ ನೆರವಾಯಿತು. ಮೇರಿ ವಿನ್‌ಸ್ಟನ್-ಸೇಲಂನ ಮೈದಾನಗಳಲ್ಲಿ ಕಂಡುಕೊಂಡಿದ್ದ ಎರಡು ಹೊರಗಿಡುವಿಕೆಗಳ ನಂಟು ಇಲ್ಲಿ ಕಾನೂನಿನ ಭಾಷೆಯಲ್ಲೇ ಸ್ಪಷ್ಟವಾಯಿತು.

ತೀರ್ಪಿನಿಂದ ಎಲ್ಲವೂ ಸರಿಹೋಯಿತೇ? ಇಲ್ಲ. 1984ರಲ್ಲಿ ಕಪ್ಪು ವರದಿಗಾರ್ತಿ ಕ್ಲೇರ್ ಸ್ಮಿತ್ ಅವರನ್ನು ಸ್ಯಾನ್ ಡಿಯೇಗೊ ಪ್ಯಾಡ್ರೇಸ್ ತಂಡದ ಕೋಣೆಯಿಂದ ಹೊರಹಾಕಲಾಯಿತು. ತಂಡದ ಆಟಗಾರ ಸ್ಟೀವ್ ಗಾರ್ವಿ ತಾನಾಗಿ ಹೊರಬಂದು ಆಕೆಯ ಪ್ರಶ್ನೆಗಳಿಗೆ ಉತ್ತರಿಸಿದ. 1990ರಲ್ಲಿ ಬೋಸ್ಟನ್ ಹೆರಾಲ್ಡ್ ಪತ್ರಿಕೆಯ ಲೀಸಾ ಓಲ್ಸನ್ ಡ್ರೆಸ್ಸಿಂಗ್ ರೂಮಿನಲ್ಲಿ ಆಟಗಾರರಿಂದ ಕಿರುಕುಳ ಅನುಭವಿಸಿ, ಅದನ್ನು ಬಹಿರಂಗಪಡಿಸಿದ್ದಕ್ಕೆ ಅಭಿಮಾನಿಗಳ ಬೆದರಿಕೆ ಎದುರಿಸಿ, ದೇಶವನ್ನೇ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋಗಬೇಕಾಯಿತು. ಕಾನೂನು ಬಾಗಿಲು ತೆರೆಸಿದರೂ ಒಳಗಿದ್ದವರ ಮನಸ್ಸು ತೆರೆಯಲು ಇನ್ನಷ್ಟು ಕಾಲ ಬೇಕಾಯಿತು. ಅದೇ ಕ್ಲೇರ್ ಸ್ಮಿತ್‌ಗೆ 2017ರಲ್ಲಿ ಬೇಸ್‌ಬಾಲ್ ಬರಹಗಾರರ ಅತ್ಯುನ್ನತ ಗೌರವವಾದ ಸ್ಪಿಂಕ್ ಪ್ರಶಸ್ತಿ ದೊರೆಯಿತು. ಅದನ್ನು ಪಡೆದ ಮೊದಲ ಮಹಿಳೆ ಆಕೆ.

ಕೊನೆಯವರೆಗೂ ವರದಿಗಾರ್ತಿ

ಮೇರಿ 1986ರಲ್ಲಿ, 70ನೇ ವಯಸ್ಸಿನಲ್ಲಿ ಅಧಿಕೃತವಾಗಿ ನಿವೃತ್ತರಾದರು. ಅಷ್ಟರಲ್ಲಿ ಸೆಂಟಿನೆಲ್ ಮುಚ್ಚಿ, ಅವರು ಬೆಳಗಿನ ಪತ್ರಿಕೆಯಾದ ವಿನ್‌ಸ್ಟನ್-ಸೇಲಂ ಜರ್ನಲ್‌ಗೆ ಬರೆಯುತ್ತಿದ್ದರು. ನಿವೃತ್ತಿಯ ನಂತರವೂ ಅರೆಕಾಲಿಕವಾಗಿ ಹದಿನಾರು ವರ್ಷ ಬರೆದರು. ದೊಡ್ಡ ನಗರದ ದೊಡ್ಡ ಪತ್ರಿಕೆಗಳ ಅಂಕಣಕಾರರಂತೆ ಅವರ ಹೆಸರು ದೇಶದ ಮನೆಮಾತಾಗಲಿಲ್ಲ. ಶಾಲಾ ಫುಟ್‌ಬಾಲ್, ಟೆನಿಸ್, ಕುಸ್ತಿ, ಅಥ್ಲೆಟಿಕ್ಸ್ ಮುಂತಾದ ಊರ ಮಕ್ಕಳ ಆಟಗಳೇ ಅವರ ಬರವಣಿಗೆಯ ಬಹುಭಾಗ.

ಮನ್ನಣೆ ತಡವಾಗಿ ಬಂತು. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ತನ್ನ ವರ್ಷದ ಅತ್ಯುತ್ತಮ ಮಹಿಳಾ ಕ್ರೀಡಾಪಟುವಿಗೆ ಕೊಡುವ ಪ್ರಶಸ್ತಿಗೆ ಅವರ ಹೆಸರಿಟ್ಟಿತು. 2005ರಲ್ಲಿ ಅಮೆರಿಕದ ಕ್ರೀಡಾ ಸಂಪಾದಕರ ಸಂಘ ರೆಡ್ ಸ್ಮಿತ್ ಪ್ರಶಸ್ತಿ ನೀಡಿತು. ಕ್ರೀಡಾ ಪತ್ರಿಕೋದ್ಯಮದಲ್ಲಿ ಜೀವಮಾನದ ಸಾಧನೆಗೆ ಸಲ್ಲುವ ಆ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳೆ ಮೇರಿ. ಆಗ ಅವರಿಗೆ 89 ವರ್ಷ. 2008ರ ಸೆಪ್ಟೆಂಬರ್ 21ರಂದು, 92ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಈ ಪ್ರಶಸ್ತಿಗಳಿಗಿಂತ ಮೇರಿಯ ಕೆಲಸವನ್ನು ಚೆನ್ನಾಗಿ ಅಳೆಯುವ ಮಾತೊಂದು ಅವರ ಊರಿನಲ್ಲಿ ಹೇಳಲ್ಪಡುತ್ತದೆ. ಮಕ್ಕಳು ತಾವೇ ಮಾಡಿದ ಗಾಡಿಗಳನ್ನು ಇಳಿಜಾರಿನಲ್ಲಿ ಓಡಿಸುವ ಸ್ಪರ್ಧೆಯೊಂದು ನಡೆದಿತ್ತು. ಮೇರಿ ವರದಿಗೆ ಹೋಗಿದ್ದರು. ನೋಡಲು ಬಂದಿದ್ದ ಇಬ್ಬರು ಕಪ್ಪು ಹುಡುಗರಲ್ಲಿ ದೊಡ್ಡವನು ಚಿಕ್ಕವನಿಗೆ ಅವರನ್ನು ತೋರಿಸಿ, ಆಕೆ ಮಿಸ್ ಮೇರಿ ಗಾರ್ಬರ್, ನೀನು ಯಾರಾದರೂ ಆಕೆಗೆ ಚಿಂತೆಯಿಲ್ಲ, ನೀನು ಏನಾದರೂ ಒಳ್ಳೆಯದು ಮಾಡಿದರೆ ನಿನ್ನ ಬಗ್ಗೆ ಬರೆಯುತ್ತಾಳೆ ಎಂಬರ್ಥದ ಮಾತು ಹೇಳಿದನಂತೆ. ಪತ್ರಿಕೆ ತಮ್ಮದೂ ಹೌದೆಂಬ ನಂಬಿಕೆ ಆ ಹುಡುಗರಲ್ಲಿ ಹುಟ್ಟಿದ್ದು ಆಕೆ ವರ್ಷಗಟ್ಟಲೆ ಅವರ ಮೈದಾನಗಳಿಗೆ ಹೋಗಿ ಬರೆದದ್ದರಿಂದ.